ಅಟ್ಟದ ಅಡಿಕೆ, ನೀರೊಳಗಿನ ಹಲ್ಲು

"ಹಲ್ಲಿನ ಡಾಕ್ಟರಾಗಿ ಯಾರ ಹಲ್ಲನ್ನೂ ನೋಡುವುದಿಲ್ಲವಾ?" ಬದಿಯಡ್ಕದ ಮನೆಗೆ ಹೋದಾಗೆಲ್ಲ ದೊಡ್ಡಮ್ಮನದ್ದು ಇದೇ ಪ್ರಶ್ನೆ. ನೋಡುತ್ತೇನೆ, ಬಾಯಿಂದ ಹೊರಗೆ ಬಂದ ಮೇಲೆ. ಹಲ್ಲಿಗೆ ಅಂಟಿಸಿದ ಫಿಲ್ಲಿಂಗ್ ಎಷ್ಟು ಬಾಳಿಕೆ ಬರುತ್ತದೆ ಎಂದು ಪರೀಕ್ಷಿಸುವುದು, ಕಾಲೇಜಿನಲ್ಲಿ ಅದನ್ನೇ ಪಾಠ ಮಾಡುವುದು. ಇಷ್ಟೇ ನನ್ನ ಕೆಲಸ.

ಎಂಡಿಎಸ್ (ದಂತವೈದ್ಯಕೀಯ ಸ್ನಾತಕೋತ್ತರ) ಪ್ರಬಂಧಕ್ಕೆ ಬುದ್ಧಿಹಲ್ಲು ಬೇಕಿತ್ತು. ಕುಂಬಳೆ, ಉಪ್ಪಳದ ಕ್ಲಿನಿಕ್‌ಗಳಿಗೆ ಕ್ಲೋರಮೈನ್ ಎಂಬ ಕ್ರಿಮಿನಾಶಕ ದ್ರಾವಣದ ಬಾಟ್ಲಿ ಕೊಟ್ಟು ಬಂದಿದ್ದೆ. ರೋಗಿ ಒಪ್ಪಿದರೆ ಕಿತ್ತ ಹಲ್ಲು ಅದಕ್ಕೆ. ಶನಿವಾರ ಬಸ್ಸಲ್ಲಿ ಹೋಗಿ ತರುತ್ತಿದ್ದೆ. ಹುಳುಕು ಹಿಡಿದದ್ದು, ಬಿರುಕು ಬಿಟ್ಟದ್ದು ತೆಗೆದರೆ ಅರ್ಧವೂ ಉಳಿಯುತ್ತಿರಲಿಲ್ಲ.

ಹಲ್ಲಿನ ಮೇಲ್ಭಾಗ ಕತ್ತರಿಸಿ, ಎನಾಮಲ್ ಕೆಳಗಿನ ಡೆಂಟಿನ್‌ಗೆ 37% ಫಾಸ್ಫಾರಿಕ್ ಆಸಿಡ್ 15 ಸೆಕೆಂಡ್ ಹಚ್ಚಿ ತೊಳೆಯಬೇಕು. ಪೂರ್ತಿ ಒಣಗಿಸಬಾರದು. ಮೇಲೆ ಬಾಂಡಿಂಗ್ ಎಂಬ ಅಂಟು, ಅದರ ಮೇಲೆ ಹಲ್ಲಿನ ಬಣ್ಣದ ಫಿಲ್ಲಿಂಗ್, ಅಂದರೆ ಕಾಂಪೋಸಿಟ್. ಮರುದಿನ ಡೈಮಂಡ್ ಬ್ಲೇಡಿನಲ್ಲಿ 1 ಮಿಲಿಮೀಟರ್ ದಪ್ಪದ ಕಡ್ಡಿಗಳು. ಬೆಂಕಿಕಡ್ಡಿಗಿಂತ ಸಪೂರ, ಅರ್ಧ ಹಲ್ಲು, ಅರ್ಧ ಕಾಂಪೋಸಿಟ್. ಎರಡೂ ತುದಿ ಯಂತ್ರಕ್ಕೆ ಅಂಟಿಸಿ ಎಳೆದರೆ ಯಾವ ಬಲಕ್ಕೆ ತುಂಡಾಯಿತು ಎಂದು ಗೊತ್ತಾಗುತ್ತದೆ.

ನನ್ನ ಎಡವಟ್ಟು ಆದದ್ದು ಯಂತ್ರಕ್ಕೆ ಹೋಗುವ ಮೊದಲೇ. ಕತ್ತರಿಸುವಾಗ ಮುರಿದ ಕಡ್ಡಿಗಳನ್ನು ಸುಮ್ನೆ ಕಸದ ಬುಟ್ಟಿಗೆ ಹಾಕುತ್ತಿದ್ದೆ. ಉಳಿದವುಗಳ ಸರಾಸರಿ ನೋಡಿ ಗೈಡ್ ಕೇಳಿದರು: "ಚೆನ್ನಾಗಿದೆ. ಮುರಿದದ್ದೆಷ್ಟು?" ಬರೆದೇ ಇಟ್ಟಿರಲಿಲ್ಲ. ಗಟ್ಟಿಯಿದ್ದವನ್ನು ಮಾತ್ರ ಲೆಕ್ಕಕ್ಕೆ ಹಿಡಿದರೆ ಸರಾಸರಿ ಚೆನ್ನಾಗಿಯೇ ಬರುತ್ತದೆ ಅಲ್ವಾ? ಅಪ್ಪ ಅಡಿಕೆ ಹೆಕ್ಕುವಾಗ ಪಟೋರ, ಕೋಕ, ಕರಿಗೋಟು ಎಂಬ ಕಡಿಮೆ ದರ್ಜೆಯವನ್ನೆಲ್ಲ ಬೇರೆ ಬೇರೆ ರಾಶಿ ಹಾಕುತ್ತಾರೆ, ಆದರೆ ಎಲ್ಲವನ್ನೂ ತೂಗುತ್ತಾರೆ. ಆ ಗುಂಪನ್ನು ಇಡೀ ಮತ್ತೆ ಮಾಡಿದೆ. ಆರು ಶನಿವಾರ ಹೋಯಿತು.

ಬಾಳಿಕೆ ನೋಡಲು ಅಡ್ಡದಾರಿಯೊಂದಿದೆ. 5 ಡಿಗ್ರಿ ಮತ್ತು 55 ಡಿಗ್ರಿ ನೀರಿನಲ್ಲಿ ಹಲ್ಲನ್ನು ಸರದಿಯಂತೆ ಮುಳುಗಿಸುವುದು. ಬಿಸಿ ಚಾ, ತಣ್ಣನೆ ಮಜ್ಜಿಗೆ ಇದ್ದ ಹಾಗೆ. ಇಂಥ 10,000 ಸುತ್ತು ಸುಮಾರು ಒಂದು ವರ್ಷಕ್ಕೆ ಸಮ ಎಂದು 1999ರ ಒಂದು ಪ್ರಬಂಧ ಅಂದಾಜಿಸಿತು. ಈಗಲೂ ಜಾಸ್ತಿ ಜನ ಅದನ್ನೇ ಹೇಳುತ್ತಾರೆ. ಸುತ್ತಿಗೆ ಒಂದು ನಿಮಿಷವೆಂದರೂ ಯಂತ್ರ ಏಳು ದಿನ ನಿಲ್ಲದೆ ಓಡಬೇಕು. ಜೂನ್ ತಿಂಗಳ ನಮ್ಮ ಊರಲ್ಲಿ ಕರೆಂಟು ಏಳು ದಿನ ಇರುತ್ತದಾ! ಎರಡು ಸಲ ನಡುವೆ ನಿಂತಿತು. ಕೊನೆಗೆ ಆ ಆಸೆ ಬಿಟ್ಟೆ. ಹಲ್ಲುಗಳನ್ನು 37 ಡಿಗ್ರಿ ನೀರಲ್ಲಿ ಒಂದು ವರ್ಷ ಇಟ್ಟೆ, ವಾರಕ್ಕೊಮ್ಮೆ ನೀರು ಬದಲಿಸಿದೆ.

ಇದು ಅಪ್ಪನಿಗೆ ಕೂಡಲೇ ಅರ್ಥವಾಯಿತು. ಚಾಲಿ ಅಡಿಕೆಯನ್ನು (ಬಿಸಿಲಿಗೆ ಒಣಗಿಸಿ ಸುಲಿದದ್ದು) ವರ್ಷಗಟ್ಟಲೆ ಅಟ್ಟದಲ್ಲಿಟ್ಟು, ಹೆಚ್ಚು ರೇಟು ಸಿಗುವ ಹಳೆ ಅಡಿಕೆ, ಅಂದರೆ ಡಬ್ಬಲ್ ಚೋಲ್ ಮಾಡುವವರು ಅವರು. ವರ್ಷ ಮುಗಿದಾಗ ಫೋನಿನಲ್ಲಿ ಕೇಳಿದರು, "ರೇಟು ಏರಿತಾ?"

"ಇಳಿಯಿತು ಅಪ್ಪ."

24 ಗಂಟೆಗೆ ಗಟ್ಟಿಯಾಗಿದ್ದ ಅಂಟು ವರ್ಷದಲ್ಲಿ ಸಡಿಲವಾಗಿತ್ತು. ಆಸಿಡ್ ಖನಿಜ ತೆಗೆದ ಕಡೆ ಕೊಲಾಜನ್ ಎಂಬ ಪ್ರೋಟೀನಿನ ಎಳೆಗಳು ಬರಿದಾಗುತ್ತವೆ. ಬಾಂಡಿಂಗ್ ಅಡಿಯವರೆಗೂ ಇಳಿಯುವುದಿಲ್ಲ. ಬರಿದಾಗಿ ಉಳಿದ ಎಳೆಗಳನ್ನು ಡೆಂಟಿನ್‌ನದ್ದೇ ಕಿಣ್ವಗಳು ತಿನ್ನುತ್ತವೆ, ಬಾಂಡಿಂಗ್ ಅನ್ನು ನೀರು ತಿನ್ನುತ್ತದೆ. ಆ ಕಿಣ್ವಗಳನ್ನು ತಡೆಯುವ 2% ಕ್ಲೋರ್‌ಹೆಕ್ಸಿಡಿನ್ ಹಚ್ಚಿದ ಇನ್ನೊಂದು ಗುಂಪು ಈಗ ಬಾಟ್ಲಿಯಲ್ಲಿದೆ. ಮುಂದಿನ ಪತ್ತನಾಜೆ (ಮೇ ಕೊನೆಗೆ ಬರುವ ತುಳುವರ ವಿಶೇಷ ದಿನ) ಹೊತ್ತಿಗೆ ತೆಗೆಯಬೇಕು. ಮುರಿದ ಕಡ್ಡಿಗಳಿಗೆ ಈ ಸಲ ಬೇರೆಯೇ ಪುಸ್ತಕ ಇಟ್ಟಿದ್ದೇನೆ.