ಶಿರಸಿಯಿಂದ ಕುಪ್ಪಳಿಗೆ: ಕವಿಮನೆಯನ್ನು ನೋಡುವ ಬಗೆ

ಶಿರಸಿ, ಸಿದ್ದಾಪುರದ ಕಡೆಯವರು ಕುಪ್ಪಳಿಯ ಕವಿಮನೆಗೆ, ಅಂದರೆ ಕುವೆಂಪು ಬೆಳೆದ ಮನೆಗೆ, ಹೋದಾಗ ಒಂದು ಎಡವಟ್ಟು ಆಗುವುದುಂಟು. ಜಗಲಿ, ನಡುಮನೆ, ಅಟ್ಟ, ಒನಕೆ, ಬೀಸುಕಲ್ಲು ಯಾವುದೂ ನಮಗೆ ಹೊಸತಲ್ಲವಾದ್ದರಿಂದ, 'ಇದೆಲ್ಲ ನಮ್ಮನೆಯಲ್ಲೂ ಇತ್ತು' ಎನ್ನುತ್ತ ಅರ್ಧ ಗಂಟೆಯಲ್ಲಿ ಹೊರಗೆ ಬಂದುಬಿಡುತ್ತೇವೆ. ಮೊದಲ ಸಲ ನಾನೂ ಹಾಗೆಯೇ ಮಾಡಿದ್ದೆ. ಎರಡನೆಯ ಸಲ ಹೊರಡುವ ಮುನ್ನಾದಿನ ನನ್ನ ದೊಡ್ಡಮ್ಮ ನಮ್ಮ ಅಟ್ಟದಲ್ಲಿದ್ದ ಹಳೆಯ ಕಡಗೋಲನ್ನು ಇಳಿಸಿ, 'ತಮಾ, ಗಡಿಬಿಡಿ ಮಾಡಡ, ಇಲ್ಲಿ ನೋಡು' ಎಂದು ಅದರ ನಡುವಿನ ಭಾಗವನ್ನು ನನ್ನ ಬೆರಳಿಗೆ ತಾಗಿಸಿದಳು. ಹಗ್ಗ ಸುತ್ತಿ ಎಳೆದೆಳೆದು ಅಲ್ಲಿ ಉಂಗುರದಂಥ ಗೀರುಗಳು ಬಿದ್ದಿದ್ದವು. ಕೆಳಗಿನ ಗೀರು ಮೇಲಿನದಕ್ಕಿಂತ ಆಳವಾಗಿತ್ತು. ಮೂರು ತಲೆಮಾರಿನ ಹೆಂಗಸರ ಬೆಳಗಿನ ದುಡಿಮೆ ಆ ಗೀರಿನಲ್ಲಿತ್ತು. ಹಳೆಯ ಮನೆಯೊಂದನ್ನು ನೋಡಲು ಹೋಗುವವರು ಇಂಥ ಗುರುತುಗಳನ್ನು ಹುಡುಕುವ ಕಣ್ಣನ್ನು ಮೊದಲು ಸಿದ್ಧ ಮಾಡಿಕೊಳ್ಳಬೇಕು.

ಕುಪ್ಪಳಿ ಇರುವುದು ಶಿವಮೊಗ್ಗ ಜಿಲ್ಲೆಯ ತೀರ್ಥಹಳ್ಳಿ ತಾಲೂಕಿನಲ್ಲಿ. ಶಿರಸಿಯಿಂದ ಸಿದ್ದಾಪುರ, ಸಾಗರ, ಹೊಸನಗರದ ಮೇಲೆ ತೀರ್ಥಹಳ್ಳಿಗೆ ಬಂದು, ಅಲ್ಲಿಂದ ಕೊಪ್ಪದ ರಸ್ತೆ ಹಿಡಿಯಬೇಕು. ಬಸ್ಸಿನಲ್ಲಿ ಹೋಗುವವರು ಒಂದೇ ದಿನದಲ್ಲಿ ಹೋಗಿ ಬರುವ ಹಟ ಹಿಡಿಯದೆ ತೀರ್ಥಹಳ್ಳಿಯಲ್ಲಿ ರಾತ್ರಿ ಉಳಿಯುವುದು ಒಳ್ಳೆಯದು. ಮಳೆಗಾಲದಲ್ಲಿ ಮನೆಯೊಳಗೆ ಬೆಳಕು ಕಡಿಮೆ, ಹೊರಗೆ ಉಂಬಳದ (ಜಿಗಣೆಯ) ಕಾಟ; ಆದ್ದರಿಂದ ನವೆಂಬರಿನಿಂದ ಫೆಬ್ರುವರಿಯವರೆಗಿನ ದಿನಗಳನ್ನು ಆರಿಸಿಕೊಳ್ಳಿ. ಹೊರಡುವ ಮುನ್ನ ಕುವೆಂಪು ಅವರ ಎರಡು ದೊಡ್ಡ ಕಾದಂಬರಿಗಳಲ್ಲಿ ಯಾವುದಾದರೊಂದರ ನಾಲ್ಕಾರು ಅಧ್ಯಾಯಗಳನ್ನಾದರೂ ಓದಿಕೊಂಡಿದ್ದರೆ ಮನೆಯ ಮೂಲೆಮೂಲೆಯೂ ಮಾತಾಡುತ್ತದೆ.

ಕುವೆಂಪು ಹುಟ್ಟಿದ್ದು 1904ರ ಡಿಸೆಂಬರ್ 29ರಂದು, ತಾಯಿಯ ತವರಾದ ಹಿರೇಕೊಡಿಗೆಯಲ್ಲಿ. ಬೆಳೆದದ್ದು ಕುಪ್ಪಳಿಯ ಈ ಮನೆಯಲ್ಲಿ. ಈಗ ಇದನ್ನು ರಾಷ್ಟ್ರಕವಿ ಕುವೆಂಪು ಪ್ರತಿಷ್ಠಾನ ಸಂಗ್ರಹಾಲಯವಾಗಿ ನೋಡಿಕೊಳ್ಳುತ್ತಿದೆ. ಪಾದರಕ್ಷೆಯನ್ನು ಹೊರಗೆ ಬಿಟ್ಟು ಒಳಗೆ ಹೋದ ಮೇಲೆ ಎದುರಿಗೆ ಸಿಕ್ಕ ವಸ್ತುವಿನತ್ತ ಧಾವಿಸಬೇಡಿ. ನಡುವಿನ ಅಂಗಳದ ಬದಿಯಲ್ಲಿ ಐದು ನಿಮಿಷ ಸುಮ್ಮನೆ ನಿಂತು, ಹೊರಗಿನ ಬಿಸಿಲಿಗೆ ಒಗ್ಗಿದ ಕಣ್ಣು ಒಳಗಿನ ಮಬ್ಬಿಗೆ ಹೊಂದಿಕೊಳ್ಳಲು ಬಿಡಿ. ಮರದ ಕಂಬಗಳ ಕೆತ್ತನೆ ಆಗ ತಾನಾಗಿ ತೋರುತ್ತದೆ. ಮನೆಗೆ ಮೂರು ಅಂತಸ್ತು. ಕೆಳಗಿನಿಂದ ಮೇಲಕ್ಕೆ, ಆತುರವಿಲ್ಲದೆ ಹತ್ತಿ.

ಪ್ರತಿ ವಸ್ತುವಿನ ಮುಂದೆಯೂ ಮೂರು ಪ್ರಶ್ನೆ ಕೇಳಿಕೊಳ್ಳುವುದು ನನ್ನ ರೂಢಿ: ಇದನ್ನು ಯಾರು ಹಿಡಿದಿದ್ದರು, ಎಲ್ಲಿ ಸವೆದಿದೆ, ಇಲ್ಲಿಯೇ ಏಕೆ ಇತ್ತು? ಗಾಜಿನ ಪೆಟ್ಟಿಗೆಯಲ್ಲಿ ಇಟ್ಟ ಪಾತ್ರೆ ಬರಿಯ ಪಾತ್ರೆಯಾಗಿಯೇ ಉಳಿಯುತ್ತದೆ, ಒಲೆಯ ಪಕ್ಕದಲ್ಲಿರುವ ಪಾತ್ರೆಯಾದರೋ ಆ ಮನೆಯಲ್ಲಿ ಎಷ್ಟು ಜನ ಉಣ್ಣುತ್ತಿದ್ದರೆಂಬುದನ್ನೂ ಹೇಳುತ್ತದೆ. ಕುವೆಂಪು ಮತ್ತು ಹೇಮಾವತಿಯವರ 1937ರ ಮದುವೆಯ ಮಂಟಪವೂ ಇಲ್ಲಿದೆ. ಅದರ ಮುಂದೆ ಹೆಚ್ಚು ಹೊತ್ತು ಕಳೆಯಿರಿ. ಸಾಧ್ಯವಾದರೆ ಮನೆಯ ಹಿರಿಯರೊಬ್ಬರನ್ನು ಜೊತೆಗೆ ಕರೆದೊಯ್ಯಿರಿ. ಯಾವ ಕೊಳಗದಲ್ಲಿ ಏನನ್ನು ಅಳೆಯುತ್ತಿದ್ದರು, ಯಾವ ಕತ್ತಿ ಯಾವ ಕೆಲಸಕ್ಕೆ ಎಂಬುದನ್ನು ಅವರಷ್ಟು ಚೆನ್ನಾಗಿ ಯಾವ ಫಲಕವೂ ಹೇಳಲಾರದು.

ಒಳಗೆ ಛಾಯಾಚಿತ್ರ ತೆಗೆಯುವಂತಿಲ್ಲ, ವಸ್ತುಗಳನ್ನು ಮುಟ್ಟುವಂತಿಲ್ಲ. ಕೆಲವರಿಗೆ ಇದು ಬೇಸರ ತರಿಸುತ್ತದೆಯಾದರೂ, 2015ರ ನವೆಂಬರ್‌ನಲ್ಲಿ ಈ ಮನೆಗೆ ಕಳ್ಳರು ನುಗ್ಗಿ ಕವಿಯ ಪದ್ಮ ಪ್ರಶಸ್ತಿಯ ಪದಕಗಳನ್ನೇ ಹೊತ್ತೊಯ್ದದ್ದನ್ನು ನೆನೆದರೆ ಸಿಬ್ಬಂದಿಯ ಕಟ್ಟುನಿಟ್ಟು ಎಷ್ಟು ಸರಿಯೆಂದು ತಿಳಿಯುತ್ತದೆ. ಸಣ್ಣ ಪುಸ್ತಕವೊಂದನ್ನು ಇಟ್ಟುಕೊಂಡು, ಮನಸ್ಸಿಗೆ ಹಿಡಿಸಿದ ವಸ್ತುವಿನ ಹೆಸರು, ಅದು ಇದ್ದ ಜಾಗ, ಅದರ ಮೇಲಿನ ಗುರುತುಗಳನ್ನು ಬರೆದುಕೊಳ್ಳಿ. ಮಕ್ಕಳಿಗೆ ಒಂದೇ ಒಂದು ವಸ್ತುವಿನ ಚಿತ್ರ ಬಿಡಿಸಲು ಹೇಳಿ. ಹಾಗೆ ಮಾಡಿದ ನನ್ನ ತಂಗಿಯ ಮಗಳಿಗೆ ಬಾಗಿಲಿನ ಅಗುಳಿ ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ.

ಮನೆಗೆ ಎರಡು ಗಂಟೆ ಕೊಟ್ಟ ಬಳಿಕ, ಇಳಿಹೊತ್ತಿನಲ್ಲಿ ಹತ್ತಿರದ ಗುಡ್ಡವಾದ ಕವಿಶೈಲಕ್ಕೆ ನಡೆಯಿರಿ. ಬಂಡೆಯ ಮೇಲೆ ಬಿ. ಎಂ. ಶ್ರೀಕಂಠಯ್ಯ, ಟಿ. ಎಸ್. ವೆಂಕಣ್ಣಯ್ಯ ಮತ್ತು ಕುವೆಂಪು ಕೆತ್ತಿದ ಹೆಸರಿನ ಅಕ್ಷರಗಳಿವೆ. 1994ರಲ್ಲಿ ತೀರಿಕೊಂಡ ಕವಿಯ ಸಮಾಧಿಯೂ ಅಲ್ಲಿಯೇ, ದೊಡ್ಡ ಕಲ್ಲುಗಂಬಗಳ ನಡುವೆ ಇದೆ. ಸಂಜೆಯ ಓರೆ ಬಿಸಿಲು ಬಿದ್ದಾಗ ಆ ಅಕ್ಷರಗಳ ಆಳ ಚೆನ್ನಾಗಿ ಕಾಣುತ್ತದೆ. ಕತ್ತಲಾಗುವ ಮುನ್ನ ಕೆಳಗಿಳಿಯಬೇಕಾದ್ದರಿಂದ ತೀರ್ಥಹಳ್ಳಿಗೆ ಹೋಗುವ ಕೊನೆಯ ಬಸ್ಸಿನ ಹೊತ್ತನ್ನು ಬೆಳಿಗ್ಗೆಯೇ ಕೇಳಿಟ್ಟುಕೊಂಡಿರಿ.