ಡಿಸಬಿಲಿಟಿ ಇರೋ ಲೆಕ್ಚರರ್ ನಿಮ್ಮ ಡಿಪಾರ್ಟ್‌ಮೆಂಟ್‌ಗೆ ಬರ್ತಿದ್ರೆ ಮೊದಲೇ ಮಾಡ್ಕೊಳ್ಳಬೇಕಾದ ಕೆಲಸಗಳು

ಯೂನಿವರ್ಸಿಟೀಲಿ ಆಕ್ಸೆಸಿಬಿಲಿಟಿ ಅಂದ್ರೆ ಎಲ್ರೂ ಸ್ಟೂಡೆಂಟ್ಸ್ ಬಗ್ಗೆನೇ ಮಾತಾಡ್ತಾರೆ, ಅಲ್ಲಿ ಕೆಲಸ ಮಾಡೋರನ್ನ ಮರೆತೇಬಿಡ್ತಾರೆ. ಹೊಸಬರು ಸೇರೋಕೆ ಮುಂಚೆನೇ ಒಂದು ಮೇಲ್ ಹಾಕಿ ಕೇಳಿ, ಏನು ತೊಂದ್ರೆ, ಹೇಗಾಯ್ತು ಅಂತಲ್ಲ, ಕೆಲಸಕ್ಕೆ ಏನೇನು ಬೇಕು ಅಂತ. ಅವರು ಹೇಳಿದ್ದನ್ನ ಬರೆದು ಫೈಲಲ್ಲಿಡಿ, ಎಚ್‌ಒಡಿ ಬದಲಾದಾಗೆಲ್ಲ ಅವರು ಮತ್ತೆ ಮೊದಲಿಂದ ಹೇಳೋ ಹಾಗಾಗಬಾರ್ದು. ಅಂಗವಿಕಲರ ಹಕ್ಕುಗಳ ಬಗ್ಗೆ ಇರೋ 2006ರ ವಿಶ್ವಸಂಸ್ಥೆ ಒಪ್ಪಂದದ 27ನೇ ವಿಧಿಯಲ್ಲೇ ಕೆಲಸದ ಜಾಗದಲ್ಲಿ ಇಂಥ ಸೌಲಭ್ಯ ಕೊಡಬೇಕು ಅಂತ ಇದೆ, ಹಾಗಾಗಿ ಕೇಳೋಕೆ ಅವರೂ ಸಂಕೋಚ ಪಡೋ ಅಗತ್ಯ ಇಲ್ಲ.

ದಿನಾ ಕಾಡೋದು ಸರ್ಕ್ಯುಲರ್. ಪ್ರಿಂಟ್ ತೆಗೆದು, ಸೈನ್ ಮಾಡಿ, ಸೀಲ್ ಹೊಡೆದು, ಸ್ಕ್ಯಾನ್ ಮಾಡಿ ಪಿಡಿಎಫ್ ಕಳಿಸ್ತೀವಲ್ಲ, ಕಣ್ಣು ಕಾಣದವರಿಗೆ ಸ್ಕ್ರೀನ್ ಮೇಲಿರೋದನ್ನ ಓದಿ ಹೇಳೋ ಸಾಫ್ಟ್‌ವೇರ್, ಅಂದ್ರೆ ಸ್ಕ್ರೀನ್ ರೀಡರ್‌ಗೆ ಅದು ಬರೀ ಫೋಟೋ. ಫೋಟೋದಲ್ಲಿರೋ ಅಕ್ಷರ ಗುರುತಿಸೋ ಓಸಿಆರ್ ಹಾಕಿದ್ರೂ ಎಕ್ಸಾಮ್ ಡ್ಯೂಟಿ ಟೇಬಲ್‌ನಲ್ಲಿ ಯಾರ ಹೆಸರು ಯಾವ ರೂಮಿಗೆ ಅಂತ ಕಲಸುಮೇಲೋಗರ ಆಗ್ಬಿಡುತ್ತೆ. ಫೈಲ್ ಓಪನ್ ಮಾಡಿ ಒಂದು ಸಾಲನ್ನ ಮೌಸಲ್ಲಿ ಸೆಲೆಕ್ಟ್ ಮಾಡಿ ನೋಡಿ, ಆಗ್ಲಿಲ್ಲ ಅಂದ್ರೆ ಒರಿಜಿನಲ್ ವರ್ಡ್ ಫೈಲನ್ನೂ ಜೊತೆಗೆ ಕಳಿಸಿ. ತಲೆಬರಹಕ್ಕೆ ಬರೀ ಬೋಲ್ಡ್ ಮಾಡಿದ್ರೆ ಸಾಲದು, ಹೆಡಿಂಗ್ ಸ್ಟೈಲ್ ಹಾಕಿ, ಆಗ ಒಂದು ಕೀ ಒತ್ತಿ ಮುಂದಿನ ಭಾಗಕ್ಕೆ ಹೋಗ್ಬಹುದು.

ಮಾರ್ಕ್ಸ್ ಎಂಟ್ರಿ ಪೋರ್ಟಲ್ ಇನ್ನೊಂದು ತಲೆನೋವು. ಬಟನ್‌ಗೆ ಹೆಸರು ಕೊಟ್ಟಿಲ್ಲ ಅಂದ್ರೆ ಸ್ಕ್ರೀನ್ ರೀಡರ್ ಬರೀ "ಬಟನ್" ಅನ್ನುತ್ತೆ, ಅದು ಸೇವ್ ಮಾಡೋದೋ ಡಿಲೀಟ್ ಮಾಡೋದೋ ಗೊತ್ತಾಗೋದೇ ಇಲ್ಲ, ಚಿತ್ರದ ಕ್ಯಾಪ್ಚಾ ಇದ್ರಂತೂ ಲಾಗಿನ್ನೇ ಆಗಲ್ಲ. ಎನ್‌ವಿಡಿಎ ಅನ್ನೋ ಸ್ಕ್ರೀನ್ ರೀಡರ್ ಫ್ರೀಯಾಗಿ ಸಿಗುತ್ತೆ, 2006ರಲ್ಲಿ ಅದನ್ನ ಶುರು ಮಾಡಿದ ಮೈಕೆಲ್ ಕರನ್ ಅವರಿಗೂ ದೃಷ್ಟಿ ಇಲ್ಲ. ನಿಮ್ಮ ಕಂಪ್ಯೂಟರ್‌ಗೆ ಹಾಕ್ಕೊಂಡು, ಮಾನಿಟರ್ ಆಫ್ ಮಾಡಿ, ಒಬ್ಬ ಸ್ಟೂಡೆಂಟ್ ಮಾರ್ಕ್ಸ್ ಎಂಟ್ರಿ ಮಾಡೋಕೆ ಟ್ರೈ ಮಾಡಿ, ಎಲ್ಲಿ ಸಿಕ್ಕಾಕ್ಕೊಂಡ್ರಿ ಅಂತ ಬರೆದು ಕಂಪ್ಯೂಟರ್ ಸೆಕ್ಷನ್‌ಗೆ ಕಳಿಸಿ. "ಪೋರ್ಟಲ್ ಸರಿ ಇಲ್ಲ" ಅಂತ ಮೊಗಮ್ಮಾಗಿ ಬರೆದ್ರೆ ಯಾರೂ ಏನೂ ಮಾಡಲ್ಲ.

ಮೀಟಿಂಗಲ್ಲಿ ನನ್ನ ಗಂಟಲೇ ಜೋರು ಅಂತ ಮೈಕ್ ಪಕ್ಕಕ್ಕಿಡಬೇಡಿ. ಹಿಯರಿಂಗ್ ಲೂಪ್ ಅಂದ್ರೆ ಮೈಕಿನ ಸದ್ದನ್ನ ನೇರವಾಗಿ ಹಿಯರಿಂಗ್ ಏಡ್‌ಗೆ ಕಳಿಸೋ ವ್ಯವಸ್ಥೆ, ಅದಿರೋ ಹಾಲಲ್ಲಿ ಮೈಕಿಗೆ ಬಿದ್ದ ಮಾತು ಮಾತ್ರ ಲೂಪಿಂದ ಹೋಗುತ್ತೆ. ಒಬ್ಬೊಬ್ರೇ ಹೆಸರು ಹೇಳಿ ಮಾತಾಡಿ, ಬೋರ್ಡ್ ಕಡೆ ತಿರುಗಿ ಮಾತಾಡಬೇಡಿ, ಸ್ಲೈಡ್ಸ್ ಹಿಂದಿನ ದಿನಾನೇ ಕಳಿಸಿ.

ರ‍್ಯಾಂಪ್‌ಗೆ 1:12 ಅನ್ನೋದು ಸಾಮಾನ್ಯ ಲೆಕ್ಕ, ಅಂದ್ರೆ 30 ಸೆಂಟಿಮೀಟರ್ ಎತ್ತರಕ್ಕೆ 3.6 ಮೀಟರ್ ಉದ್ದ. ಲಿಫ್ಟ್ ಕೆಟ್ಟಾಗ ಕ್ಲಾಸನ್ನೇ ಕೆಳಗಡೆ ರೂಮಿಗೆ ಶಿಫ್ಟ್ ಮಾಡಿ, ವೀಲ್‌ಚೇರ್ ಸಮೇತ ಎತ್ಕೊಂಡು ಹೋಗ್ತೀವಿ ಅನ್ನೋದು ಬೇಡ. ಬೆಂಕಿ ಬಿದ್ರೆ ಅವರು ಹೇಗೆ ಹೊರಗೆ ಬರ್ಬೇಕು ಅಂತಾನೂ ಅವರ ಜೊತೆ ಕೂತೇ ಪ್ಲಾನ್ ಮಾಡಿ.

ಕೊನೇದಾಗಿ, ಪಾಪ ಅಂತ ಅವರನ್ನ ಕಮಿಟಿಯಿಂದ, ಪಿಎಚ್‌ಡಿ ಗೈಡ್ ಲಿಸ್ಟಿಂದ ಕೇಳದೇ ಬಿಡ್ತಾರೆ, ಅದು ನಂಗೆ ತುಂಬಾ ಸಿಟ್ಟು ಬರಿಸೋ ವಿಷ್ಯ. ಆಮೇಲೆ ಪ್ರಮೋಷನ್ ಟೈಮಲ್ಲಿ ಅದೇ ಅನುಭವ ಎಲ್ಲಿ ಅಂತ ಅವರನ್ನೇ ಕೇಳ್ತಾರೆ. ಕೆಲಸ ಹಂಚೋವಾಗ ಲಿಸ್ಟ್ ಪೂರ್ತಿ ಅವರ ಮುಂದಿಡಿ, ಯಾವುದು ಬೇಕು ಅಂತ ಅವರೇ ಹೇಳ್ಲಿ.