ಚೌಕಾಬಾರದ ನಾಲ್ಕು ಹುಣಸೆ ಬೀಜಗಳಿಂದ ಸಂಭವನೀಯತೆಯನ್ನು ಕಲಿಯುವ ಬಗೆ

ಸಂಭವನೀಯತೆಯ ಪಾಠವನ್ನು ನಾಣ್ಯದಿಂದ ಆರಂಭಿಸುವುದು ವಾಡಿಕೆ. ಆದರೆ ನಾಣ್ಯಕ್ಕೆ ಎರಡೇ ಮುಖಗಳಿದ್ದು ಎರಡೂ ಸಮಾನವಾಗಿ ಬೀಳುವುದರಿಂದ, ಹೊಸದಾಗಿ ಕಲಿಯುವವರು ಎಲ್ಲಿ ತಪ್ಪುತ್ತಾರೆ ಎಂಬುದು ಅಲ್ಲಿ ಗೊತ್ತಾಗುವುದೇ ಇಲ್ಲ. ಆದ್ದರಿಂದ ನಾಲ್ಕು ಹುಣಸೆ ಬೀಜಗಳನ್ನು ತೆಗೆದುಕೊಳ್ಳಿ. ಪ್ರತಿಯೊಂದರ ಒಂದು ಮಗ್ಗುಲನ್ನು ಒರಟು ಕಲ್ಲಿನ ಮೇಲೆ, ಕಂದು ಸಿಪ್ಪೆ ಸವೆದು ಬಿಳಿ ಭಾಗ ಕಾಣುವ ತನಕ ಉಜ್ಜಿ. ಬಿದ್ದ ಗರದಷ್ಟು ಮನೆ ಕಾಯಿ ನಡೆಸಿ, ಎದುರಾಳಿಯ ಕಾಯಿ ಇರುವ ಮನೆಗೆ ಬಂದರೆ ಅದನ್ನು ಹೊಡೆಯುವ ಚೌಕಾಬಾರ ಆಡಿದವರಿಗೆ ಇದರ ಲೆಕ್ಕ ತಿಳಿದೇ ಇದೆ: ನಾಲ್ಕನ್ನೂ ಒಟ್ಟಿಗೆ ನೆಲಕ್ಕೆ ಹಾಕಿದಾಗ ಎಷ್ಟು ಬೀಜಗಳ ಬಿಳಿ ಮುಖ ಮೇಲಿರುತ್ತದೆಯೋ ಅಷ್ಟೇ ಗರ. ನಾಲ್ಕೂ ಬಿಳಿಯಾದರೆ ಚೌಕ, ಅಂದರೆ 4. ಒಂದೂ ಬಿಳಿಯಿಲ್ಲದಿದ್ದರೆ ಬಾರ, ಅಂದರೆ 8. ಚೌಕ ಅಥವಾ ಬಾರ ಬಿದ್ದವರಿಗೆ ಇನ್ನೊಂದು ಗರ ಹಾಕುವ ಅವಕಾಶ ಸಿಗುತ್ತದೆ.

ಬೀಳಬಹುದಾದ ಗರಗಳು 1, 2, 3, 4, 8 ಎಂದು ಐದು. ಹಾಗಾದರೆ ಬಾರ ಬೀಳುವ ಸಂಭವನೀಯತೆ ಐದರಲ್ಲಿ ಒಂದು ಎನ್ನಬಹುದೇ? ಈ ತಪ್ಪನ್ನು ಮಾಡಿದರೆ ನಾಚಿಕೊಳ್ಳಬೇಕಾಗಿಲ್ಲ. ಫ್ರಾನ್ಸಿನ ದೊಡ್ಡ ಗಣಿತಜ್ಞ ದಲಾಂಬೆರ್ 1754ರಲ್ಲಿ, ನಾಣ್ಯವನ್ನು ಎರಡು ಸಲ ಚಿಮ್ಮಿದಾಗ ಒಮ್ಮೆಯಾದರೂ ಶಿರ ಬೀಳುವ ಸಂಭವನೀಯತೆ 2/3 ಎಂದು ವಾದಿಸಿದ್ದನು. ಮೊದಲ ಸಲವೇ ಶಿರ, ಎರಡನೆಯ ಸಲ ಶಿರ, ಎರಡೂ ಸಲ ಪುಚ್ಛ ಎಂಬ ಮೂರು ಸಂದರ್ಭಗಳನ್ನು ಆತ ಸಮಾನವೆಂದು ಎಣಿಸಿದ್ದೇ ದೋಷ. ಸರಿಯಾದ ಉತ್ತರ 3/4. ಅನುಕೂಲಕರ ಫಲಿತಗಳ ಸಂಖ್ಯೆಯನ್ನು ಒಟ್ಟು ಫಲಿತಗಳ ಸಂಖ್ಯೆಯಿಂದ ಭಾಗಿಸಬೇಕು ಎಂಬ ಸೂತ್ರ ಎಲ್ಲರಿಗೂ ಬಾಯಿಪಾಠವಾಗಿರುತ್ತದೆ, ಆದರೆ ಎಣಿಸುವ ಪ್ರತಿಯೊಂದು ಫಲಿತವೂ ಬೀಳುವ ಸಾಧ್ಯತೆ ಸಮನಾಗಿರಬೇಕು ಎಂಬ ಷರತ್ತು ಮರೆತುಹೋಗಿರುತ್ತದೆ.

ಆ ಷರತ್ತನ್ನು ಕಣ್ಣಿಗೆ ಕಾಣಿಸಿಕೊಳ್ಳಲು ಬೀಜಗಳ ಮೇಲೆ ಶಾಯಿಯಿಂದ ಅ, ಆ, ಇ, ಈ ಎಂದು ಬರೆಯಿರಿ. ಸದ್ಯಕ್ಕೆ ಪ್ರತಿ ಬೀಜವೂ ಬಿಳಿಯಾಗಿ ಅಥವಾ ಕಂದಾಗಿ ಬೀಳುವ ಸಾಧ್ಯತೆ ಸಮ ಎಂದು ಭಾವಿಸೋಣ. ಆಗ ಒಟ್ಟು ಫಲಿತಗಳು 2 × 2 × 2 × 2 = 16; ಈ ಹದಿನಾರರ ಪಟ್ಟಿಯೇ ಫಲಿತ ಗಣ. ಇದರಲ್ಲಿ ನಾಲ್ಕೂ ಕಂದಾಗಿರುವುದು ಒಂದೇ ಬಗೆ, ನಾಲ್ಕೂ ಬಿಳಿಯಾಗಿರುವುದು ಒಂದೇ ಬಗೆ. ಎರಡು ಮಾತ್ರ ಬಿಳಿಯಾಗುವುದು ಅಆ, ಅಇ, ಅಈ, ಆಇ, ಆಈ, ಇಈ ಎಂದು ಆರು ಬಗೆಗಳಲ್ಲಿ. ಒಂದು ಬಿಳಿ ನಾಲ್ಕು ಬಗೆ, ಮೂರು ಬಿಳಿಯೂ ನಾಲ್ಕು ಬಗೆ. ಹದಿನಾರನ್ನೂ ಒಮ್ಮೆ ಕೈಯಿಂದಲೇ ಬರೆದು ನೋಡಿ. ಈ ಶ್ರಮವನ್ನು ತಪ್ಪಿಸಿಕೊಂಡವರಿಗೆ ಮುಂದಿನ ಸೂತ್ರಗಳು ಗಟ್ಟಿಯಾಗಿ ನಿಲ್ಲುವುದಿಲ್ಲ. ಬಾರದ ಸಂಭವನೀಯತೆ 1/16, ಚೌಕದ್ದು 1/16, 1 ಮತ್ತು 3ರದ್ದು ತಲಾ 4/16, 2ರದ್ದು 6/16. ಇವೆಲ್ಲವನ್ನೂ ಕೂಡಿಸಿದರೆ 1 ಬರಬೇಕು. ಬಾರದಿದ್ದರೆ ಎಣಿಕೆಯಲ್ಲಿ ಏನೋ ತಪ್ಪಿದೆ ಎಂದರ್ಥ.

ಈ ಸಂಖ್ಯೆಗಳು ಆಟದಲ್ಲೇ ಕೆಲಸಕ್ಕೆ ಬರುತ್ತವೆ. ಎದುರಾಳಿಯ ಕಾಯಿಗಿಂತ ಎರಡು ಮನೆ ಮುಂದೆ ನಿಂತ ನಿಮ್ಮ ಕಾಯಿಯನ್ನು ಆತ ಒಂದೇ ಗರದಲ್ಲಿ ಹೊಡೆಯುವ ಸಂಭವನೀಯತೆ 6/16. ಮೂರು ಮನೆ ಮುಂದಿದ್ದರೆ 4/16. ನಿಮ್ಮ ಒಂದು ಕಾಯಿ ಒಂದು ಮನೆ ಮುಂದೆಯೂ ಇನ್ನೊಂದು ಮೂರು ಮನೆ ಮುಂದೆಯೂ ಇದ್ದರೆ, ಎರಡು ಗರಗಳು ಏಕಕಾಲದಲ್ಲಿ ಬೀಳಲಾರವಾದ್ದರಿಂದ, ಯಾವುದಾದರೂ ಒಂದು ಕಾಯಿ ಹೊಡೆತಕ್ಕೆ ಸಿಗುವ ಸಂಭವನೀಯತೆಗೆ ಅವುಗಳ ಸಂಭವನೀಯತೆಗಳನ್ನು ಕೂಡಿಸಬಹುದು: 4/16 + 4/16 = 8/16, ಅಂದರೆ ಅರ್ಧ. ಒಂದು ಘಟನೆ ನಡೆಯದಿರುವ ಸಂಭವನೀಯತೆ ಬೇಕಾದರೆ 1ರಿಂದ ಕಳೆದರಾಯಿತು.

ಚೌಕ ಅಥವಾ ಬಾರ ಬೀಳುವ ಸಂಭವನೀಯತೆ 2/16, ಅಂದರೆ 1/8. ಎಂಟು ಸಲ ಹಾಕಿದರೆ ಒಂದಾದರೂ ಬಿದ್ದೇ ಬೀಳುತ್ತದೆ ಎಂದು ಹಲವರು ನಂಬುತ್ತಾರೆ. ಹಾಗಲ್ಲ. ಒಂದು ಗರ ಇನ್ನೊಂದನ್ನು ಅವಲಂಬಿಸಿಲ್ಲದಿರುವುದರಿಂದ ಇಲ್ಲಿ ಗುಣಿಸಬೇಕು: ಎಂಟೂ ಸಲ ಬೀಳದಿರುವ ಸಂಭವನೀಯತೆ 7/8 ಅನ್ನು ಎಂಟು ಸಲ ಗುಣಿಸಿದಷ್ಟು, ಸುಮಾರು 0.34. ಒಮ್ಮೆಯಾದರೂ ಬೀಳುವುದು ಸುಮಾರು 0.66 ಮಾತ್ರ. ಬಾರ ಬಿದ್ದು ಬಹಳ ಹೊತ್ತಾಯಿತು, ಇನ್ನು ಬಂದೇ ಬರುತ್ತದೆ ಎಂಬ ಮಾತಿಗೂ ಆಧಾರವಿಲ್ಲ. ಹಿಂದಿನ ಗರಗಳ ನೆನಪು ಬೀಜಗಳಿಗೆ ಇರುವುದಿಲ್ಲ, ಮುಂದಿನ ಸಲವೂ ಬಾರದ ಸಂಭವನೀಯತೆ ಅದೇ 1/16.

ಇನ್ನು ನಾವು ಭಾವಿಸಿಕೊಂಡದ್ದನ್ನು ಪರೀಕ್ಷಿಸಬೇಕು. ಉಜ್ಜಿದ ಬೀಜದ ಎರಡು ಮಗ್ಗುಲುಗಳು ನಿಜವಾಗಿ ಒಂದೇ ಬಗೆಯವಲ್ಲ. ಒಂದು ಚಪ್ಪಟೆ, ಇನ್ನೊಂದು ಉಬ್ಬು. ಇದನ್ನು ಯೋಚನೆಯಿಂದ ತೀರ್ಮಾನಿಸಲಾಗದು, ಹಾಕಿ ಹಾಕಿ ಎಣಿಸಿಯೇ ತಿಳಿಯಬೇಕು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಡೆನ್ಮಾರ್ಕಿನಲ್ಲಿ ಬಂಧನದಲ್ಲಿದ್ದ ಗಣಿತಜ್ಞ ಜಾನ್ ಕೆರಿಚ್ ನಾಣ್ಯವನ್ನು 10,000 ಸಲ ಚಿಮ್ಮಿ 5,067 ಶಿರಗಳನ್ನು ದಾಖಲಿಸಿದರು. ಪ್ರಯೋಗಗಳು ಹೆಚ್ಚಿದಂತೆ ಅನುಪಾತವು ನಿಜವಾದ ಸಂಭವನೀಯತೆಯ ಹತ್ತಿರ ನೆಲೆಗೊಳ್ಳುತ್ತದೆ ಎಂಬುದನ್ನು ಸ್ವಿಟ್ಜರ್ಲೆಂಡಿನ ಗಣಿತಜ್ಞ ಯಾಕೋಬ್ ಬರ್ನೂಲಿ ಸಾಧಿಸಿದ್ದು 1713ರಲ್ಲಿ ಪ್ರಕಟವಾಯಿತು. ಹತ್ತು ಸಲದ ಎಣಿಕೆಯನ್ನು ನೆಚ್ಚಬೇಡಿ. ಕನಿಷ್ಠ ಇನ್ನೂರು ಸಲ ಹಾಕಿ, ಪ್ರತಿ ಐದಕ್ಕೆ ಒಂದು ಅಡ್ಡಗೆರೆಯಂತೆ ಗುರುತು ಹಾಕುತ್ತ ಹೋಗಿ.

ಒಂದು ಬೀಜ 200ರಲ್ಲಿ 120 ಸಲ ಬಿಳಿಯಾಗಿ ಬಿದ್ದಿತೆಂದೂ, ನಾಲ್ಕೂ ಬೀಜಗಳು ಹಾಗೆಯೇ ಇವೆಯೆಂದೂ ಇಟ್ಟುಕೊಳ್ಳಿ. ಈಗ ಹದಿನಾರು ಫಲಿತಗಳು ಸಮಾನವಲ್ಲ, ಆದರೆ ಅದೇ ಪಟ್ಟಿ ಸಾಕು: ಪ್ರತಿ ಬಿಳಿಗೆ 0.6, ಪ್ರತಿ ಕಂದಿಗೆ 0.4 ಇಟ್ಟು ಗುಣಿಸಿ. ಚೌಕ 0.1296ಕ್ಕೆ ಏರುತ್ತದೆ, ಬಾರ 0.0256ಕ್ಕೆ ಇಳಿಯುತ್ತದೆ. ಎರಡು ಬಿಳಿ 6 × 0.6 × 0.6 × 0.4 × 0.4 = 0.3456, ಮೂರು ಬಿಳಿ 4 × 0.6 × 0.6 × 0.6 × 0.4, ಅದೂ 0.3456. ಸಮ ಬೀಜಗಳಿದ್ದಾಗ ಎರಡು ಮನೆಗಿಂತ ಮೂರು ಮನೆ ಮುಂದೆ ನಿಲ್ಲುವುದು ಕ್ಷೇಮವಾಗಿತ್ತು. ಈ ಬೀಜಗಳಲ್ಲಿ ಎರಡೂ ಅಷ್ಟೇ ಅಪಾಯ, ಕಾಯಿಯನ್ನು ಒಂದೇ ಮನೆ ಮುಂದಿಟ್ಟರೆ ಅಪಾಯ 0.1536ಕ್ಕೆ ಇಳಿಯುತ್ತದೆ.